ಬಸುರಿ ಗದ್ದೆಗೆ ತವರಿನ ಬುತ್ತಿ

ರಾತ್ರಿ ಹನ್ನೊಂದೂವರೆ. ಅಡುಗೆಮನೆಯ ಎರಡೂ ಒಲೆ ಉರಿಯುತ್ತಿವೆ. ಅಷ್ಟು ಸಾಲದೆಂದು ಹಿತ್ತಿಲ ಮಾಡಿನ ಕೆಳಗೆ ಮೂರು ಕಲ್ಲು ಹೂಡಿ ಇನ್ನೊಂದು ಬೆಂಕಿ ಮಾಡಿದ್ದಾರೆ. ಅದರ ಮೇಲಿಟ್ಟ ದೊಡ್ಡ ಪಾತ್ರೆಯಿಂದ ಬಾಳೆಎಲೆ ಬೆಂದ ವಾಸನೆಯ ಹಬೆ ಏಳುತ್ತಿದೆ. ಒಳಗೆ ಹೊಗೆ ತುಂಬಿ ಬಲ್ಬಿನ ಬೆಳಕೇ ಮಂಕಾಗಿದೆ. ಅವ್ವ ಒರಳಿನ ಹತ್ತಿರ, ಚಿಕ್ಕಮ್ಮ ಒಲೆಯ ಮುಂದೆ, ನಾನು ಬಾಳೆಎಲೆಯ ರಾಶಿಯ ಪಕ್ಕ. ನಡುವೆ, ಮೆಟ್ಟುಗತ್ತಿಯನ್ನು ಬಲಗಾಲಿನಡಿ ಒತ್ತಿ ಹಿಡಿದು ಅಜ್ಜಿ ಕುಳಿತಿದ್ದಾಳೆ. ಅವಳ ಮುಂದೆ ಸೊಪ್ಪಿನ ಗುಡ್ಡೆ. ಕತ್ತಿಯ ಕಡೆ ಅವಳು ನೋಡುತ್ತಲೇ ಇಲ್ಲ. ಕಣ್ಣಿಗೆ ಪೊರೆ ಬಂದು ವರ್ಷಗಳಾದವು, ನೋಡಿದರೂ ಕಾಣುವುದು ಅಷ್ಟಕ್ಕಷ್ಟೇ. ಬೆರಳು ಮಾತ್ರ ಅಲಗಿನ ಅಂಚಿಗೆ ಒಂದು ಕೂದಲೆಳೆ ಬಿಟ್ಟು ಹಿಂದೆ ಮುಂದೆ ಆಡುತ್ತದೆ.

"ಎಂತಾ ನೋಡ್ತೀಯೆ ಮಗಾ? ಎಲೆ ಬಾಡ್ಸು. ಹಸಿ ಎಲೆ ಸುತ್ತಿದ್ರೆ ಸೀಳ್ತದೆ."

ನಾನು ಎಲೆಯನ್ನು ಕೆಂಡದ ಮೇಲೆ ಹಿಡಿಯುತ್ತೇನೆ. ಹಸಿರು ಗಾಢವಾಗಿ, ಎಲೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಅದನ್ನು ಕೊಟ್ಟೆ ಮಾಡಿ, ಕಡ್ಡಿ ಚುಚ್ಚಿ, ಹಿಟ್ಟು ಹುಯ್ದು ಚಿಕ್ಕಮ್ಮನ ಕೈಗೆ ಕೊಡಬೇಕು. ಇವತ್ತು ರಾತ್ರಿ ಈ ಮನೆಯ ಹೆಂಗಸರು ಯಾರೂ ಮಲಗುವುದಿಲ್ಲ.

ಇದು 2023ರ ಅಕ್ಟೋಬರ್ 27, ಶುಕ್ರವಾರ. ಬೆಳಗಾದರೆ ಭೂಮಿ ಹುಣ್ಣಿಮೆ. ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎನ್ನುವ ಹಬ್ಬವೇ ಇದು. ಸಾಗರದ ಸುತ್ತಿನ ನಮ್ಮ ದೀವರ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. ಈ ಹೊತ್ತಿಗೆ ಭತ್ತ ಹೊಡೆ ಕಟ್ಟಿರುತ್ತದೆ, ಅಂದರೆ ಗದ್ದೆ ಬಸುರಿ. ಬಸುರಿಗೆ ಬಯಕೆ ಇರುತ್ತದೆ. ಅವಳ ಬಾಯಿ ಕೇಳಿದ್ದನ್ನೆಲ್ಲ ಬೇಯಿಸಿ, ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಹೊತ್ತಿಗೆ ಬಡಿಸಬೇಕು.

"ಎಷ್ಟು ಸೊಪ್ಪಾಯ್ತು ಅಜ್ಜಿ?"

"ನೂರೊಂದು ಕುಡಿ ಅಂತ ಲೆಕ್ಕ. ಈ ವರ್ಷ ಎಲ್ಲಿ ಸಿಗ್ತದೆ? ನಲವತ್ತು ಆಗಿರಬೋದು."

ಹರಿವೆ, ಕೆಸು, ಬಸಳೆ, ಒಂದೆಲಗ, ಹೊನಗೊನ್ನೆ, ಕನ್ನೆಕುಡಿ, ಕುಂಬಳದ ಕುಡಿ. ಒಂದೊಂದನ್ನೂ ಮೂಗಿನ ಹತ್ತಿರ ಒಯ್ದು, ಹೆಸರು ಹೇಳಿ, ಕತ್ತಿಗೆ ಕೊಡುತ್ತಾಳೆ. ಮಧ್ಯಾಹ್ನ ಬಿಸಿಲಿನಲ್ಲಿ ತೋಟದ ಅಂಚು, ಕೆರೆಯ ಏರಿ, ಕಾಡಿನ ಬಾಯಿ ಎಲ್ಲ ಸುತ್ತಿ ಆಯ್ದವಳು ಅವಳೇ. ನಾನು ಚೀಲ ಹಿಡಿದು ಹಿಂದೆ ನಡೆದಿದ್ದೆ, ಅಷ್ಟೆ. ಅವಳಿಗೆ ತೊಂಬತ್ತು ಸಮೀಪಿಸಿತ್ತು. ಸರಿಯಾದ ವಯಸ್ಸು ಯಾರಿಗೂ ಗೊತ್ತಿಲ್ಲ. ಕಾಗೋಡಿನ ಗಲಾಟೆಯ ವರ್ಷ ಮದುವೆ, ಆಗ ಹದಿನೇಳು ಎಂಬುದೇ ಲೆಕ್ಕ.

2023ರಲ್ಲಿ ಮಳೆ ಕೈಕೊಟ್ಟಿತ್ತು. ಜುಲೈಯಲ್ಲಿ ಒಂದಿಷ್ಟು ಹೊಯ್ದು ನೆಟ್ಟಿ ಮುಗಿಯಿತು ಎನ್ನುವಾಗ ಆಗಸ್ಟ್ ತಿಂಗಳು ಪೂರ್ತಿ ಬಿಸಿಲು ಕಾದಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ಮಲೆನಾಡಿನ ಗದ್ದೆಯಲ್ಲಿ ಬಿರುಕು ಬಿಡುವುದೆಂದರೆ ಏನೆಂದು ನಾನು ಮೊದಲ ಸಲ ನೋಡಿದೆ. "ಈ ಸಲ ಹಬ್ಬ ಸಣ್ಣದಾಗಿ ಮಾಡುವ, ಗದ್ದೆಯೇ ಸರಿಯಾಗಿ ಹೊಡೆ ಬಂದಿಲ್ಲ" ಎಂದು ಅಪ್ಪ ಅಂದಾಗ ಅಜ್ಜಿ ಉತ್ತರ ಕೊಟ್ಟಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಟ್ಟದ ಮೇಲಿನ ಎರಡು ಬುಟ್ಟಿಯೂ ಅಂಗಳದಲ್ಲಿದ್ದವು.

ಆ ಬುಟ್ಟಿಗಳನ್ನು ನೀವು ನೋಡಬೇಕು. ದೇವರ ಕೋಣೆಯ ಗೋಡೆಗೆ ಒರಗಿಸಿ ಇಟ್ಟಿದ್ದಾರೆ, ಬನ್ನಿ. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ ಬುಟ್ಟಿ. ನವರಾತ್ರಿಯ ಹೊತ್ತಿಗೆ ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಆಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ನಾರನ್ನು ಜಜ್ಜಿ, ತುದಿ ಬಿಡಿಸಿ, ಬೇಕಾದಷ್ಟೇ ಎಳೆ ಉಳಿಸಿ ಕಟ್ಟುತ್ತಾರೆ. ಮದುವೆಯ ಹಸೆಗೋಡೆಗಾದರೆ ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಎಲ್ಲ ಬೇಕು. ಬುಟ್ಟಿಗೆ ಕೆಂಪು ಬಿಳಿ ಸಾಕು.

ಅವಳು ಬರೆಯುವಾಗ ನಾನು ಎರಡು ದಿನ ಪಕ್ಕದಲ್ಲಿ ಕುಳಿತಿದ್ದೆ. ಬುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಡಗೈಯಿಂದ ನಿಧಾನಕ್ಕೆ ತಿರುಗಿಸುತ್ತಾಳೆ. ಬಲಗೈಯ ಕಿರುಬೆರಳು ಬುಟ್ಟಿಯ ಮೇಲೆ ಊರಿರುತ್ತದೆ, ಅದೇ ಅವಳ ಅಳತೆ. ನಾರಿನ ತುದಿ ಬಿಳಿಯಲ್ಲಿ ಅದ್ದಿ ಬರುತ್ತದೆ, ಒಂದು ಹನಿ ತಟ್ಟೆಯ ಅಂಚಿಗೆ ಒರೆಸಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಎಳೆ ಓಡುತ್ತದೆ. ಬಿಡಿಸಿದ ತಕ್ಷಣ ಆ ಎಳೆ ಕಾಣುವುದೇ ಇಲ್ಲ, ಹಸಿ ಮಣ್ಣಿನ ಮೇಲೆ ನೀರಿನ ಗೆರೆಯ ಹಾಗಿರುತ್ತದೆ. ಒಣಗುತ್ತ ಬಂದಂತೆ ಬೆಳ್ಳಗೆ ಎದ್ದು ಬರುತ್ತದೆ. ಕಣ್ಣು ನೆಟ್ಟಗಿರುವ ನನಗೂ ಈಗಷ್ಟೇ ಎಳೆದ ಗೆರೆ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಅವಳು ಅದಕ್ಕೆ ಒತ್ತಿ ಇನ್ನೊಂದು ಎಳೆದಿರುತ್ತಿದ್ದಳು. ಒಣಗಿದ ಮೇಲೆ ನೋಡಿದರೆ ಎರಡರ ನಡುವೆ ಜೋಳದ ಕಡ್ಡಿಯಷ್ಟು ಅಂತರ, ಬುಟ್ಟಿಯ ಸುತ್ತಲೂ ಅಷ್ಟೇ. ಒಂದೇ ಕಡೆ, ಮಲ್ಲಿಗೆ ಮೊಗ್ಗಿನ ಸಾಲಿನ ಕೊನೆಯಲ್ಲಿ, ಕೈ ನಡುಗಿ ಒಂದು ಮೊಗ್ಗು ಉದ್ದವಾಗಿತ್ತು. ಒರೆಸಿ ತಿದ್ದಲೇ ಎಂದು ಕೇಳಿದೆ. "ಬೇಡ. ಅದು ಅರಳಿದ ಮೊಗ್ಗು" ಅಂದಳು.

ಆ ಕೆಮ್ಮಣ್ಣು ಎಲ್ಲಿಯದು ಎಂದು ಅವ್ವ ನನಗೆ ಆಮೇಲೆ ಹೇಳಿದಳು.

ಅಜ್ಜಿಯ ತವರು ಕರೂರು ಸೀಮೆಯ ಕಡೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ 1964ರಲ್ಲಿ ನೀರು ನಿಂತಾಗ ಮನೆ, ಗದ್ದೆ, ಊರಿನ ಮಾರಿಗುಡಿ ಎಲ್ಲ ಮುಳುಗಿದವು. ಅಣ್ಣಂದಿರನ್ನು ಸಾಮಾನಿನ ಜೊತೆ ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ನಾಡಿಗೆ ದೀಪ ಕೊಟ್ಟವರು ಎಷ್ಟೋ ವರ್ಷ ಬುಡ್ಡಿ ದೀಪದಲ್ಲಿ ಬದುಕಿದರು. ಆ ಮಾತನ್ನು ಈ ಭಾಗದಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ, ಮರೆಯಲೂಬಾರದು. ಮರುವರ್ಷ ಚಿಕ್ಕಪ್ಪ ಅಜ್ಜಿಯ ಹೊಟ್ಟೆಯಲ್ಲಿದ್ದ. ಮೊದಲಿನ ಎರಡು ಬಸಿರಿಗೆ ತವರಿನಿಂದ ಬಯಕೆಯ ಬುತ್ತಿ ಬಂದಿತ್ತು. ಮೂರನೆಯದಕ್ಕೆ ಬರಲಿಲ್ಲ. ಬರಲು ಊರೇ ಇರಲಿಲ್ಲ. ಆ ವರ್ಷದ ಭೂಮಿ ಹುಣ್ಣಿಮೆಗೆ ತುಂಬು ಬಸುರಿ ಬುಟ್ಟಿ ಹೊತ್ತು ಗದ್ದೆಗೆ ನಡೆದಳಂತೆ. ಅತ್ತೆ ತಡೆದಾಗ, ತನಗಂತೂ ಯಾರೂ ತರಲಿಲ್ಲ, ಇವಳಿಗೂ ತಪ್ಪಿಸುವುದು ಬೇಡ ಅಂದಳಂತೆ.

2023ರ ಜೂನ್‌ನಲ್ಲಿ ಹಿನ್ನೀರು ತೀರ ಇಳಿದು, ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೈಯೆಲ್ಲ ತೋರಿಸಿಕೊಂಡು ಎದ್ದು ನಿಂತಿತ್ತು. ನೋಡಲು ಜನವೋ ಜನ. ಅಜ್ಜಿಯನ್ನೂ ಅಪ್ಪ ಜೀಪಿನಲ್ಲಿ ಕರೆದೊಯ್ದಿದ್ದ. ಅವಳು ಅಣೆಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲವಂತೆ. ಕಪ್ಪು ಬೊಡ್ಡೆಗಳು ನಿಂತ ಬಯಲಿನಲ್ಲಿ ಕೋಲೂರಿಕೊಂಡು ಬಹಳ ಹೊತ್ತು ನಡೆದು, ದಿಬ್ಬವೊಂದರ ಬದಿಯಲ್ಲಿ ಕೂತು, ಕೆದಕಿ ಕೆದಕಿ ಕೆಂಪು ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡು ಬಂದಳಂತೆ. ಬುಟ್ಟಿಗೆ ಬಳಿದದ್ದು ಅದನ್ನೇ.

ಈಗ ಮೂರೂವರೆ. ಅಪ್ಪ, ಚಿಕ್ಕಪ್ಪ ತಣ್ಣೀರು ಹುಯ್ದುಕೊಂಡು ಒದ್ದೆ ಕೂದಲಲ್ಲೇ ಬಂದು ನಿಂತಿದ್ದಾರೆ. ಬೆಂದ ಬೆರಕೆ ಸೊಪ್ಪನ್ನು ಅನ್ನದ ಜೊತೆ ಕಲಸಿ ಅಜ್ಜಿ ಹಚ್ಚಂಬಲಿ ಬುಟ್ಟಿಗೆ ತುಂಬುತ್ತಾಳೆ. ಸುಡುವ ಪಾತ್ರೆಗೆ ಕೈಯನ್ನೇ ಹಾಕುತ್ತಾಳೆ. ಸೌಟು ಕೊಡಲು ಹೋದ ಚಿಕ್ಕಮ್ಮನ ಕೈ ತಾನಾಗಿಯೇ ಹಿಂದೆ ಬರುತ್ತದೆ. ಸೂಡಿ ಹೊತ್ತಿಸಿಕೊಂಡು ಗಂಡಸರು ಹೊರಡುತ್ತಾರೆ. ತೋಟ, ಗದ್ದೆ, ಹಾಳಿ ಎಲ್ಲ ಸುತ್ತುತ್ತ ಹಚ್ಚಂಬಲಿ ಬೀರುತ್ತ ಕೂಗುವ ಅವರ ದನಿ ಒಮ್ಮೆ ಹತ್ತಿರ, ಒಮ್ಮೆ ದೂರ. ಕಣಿವೆಯ ಆಚೆ ಬದಿಯ ಮನೆಯವರೂ ಕೂಗುತ್ತಿದ್ದಾರೆ. ಅದಕ್ಕೂ ಆಚೆ ಇನ್ನೊಂದು ದನಿ. ಪಡುವಣದಲ್ಲಿ ಇಳಿಯುತ್ತಿರುವ ಚಂದ್ರನ ಬೆಳಕಿನಲ್ಲಿ ಮೂರು ನಾಲ್ಕು ಕಡೆ ಸೂಡಿಯ ಕೆಂಪು ಚುಕ್ಕೆ ಆಡುತ್ತವೆ. ಅಜ್ಜಿ ಜಗಲಿಯ ಕಂಬ ಹಿಡಿದು ನಿಂತು ಕೇಳಿಸಿಕೊಳ್ಳುತ್ತಾಳೆ.

"ನಿಮ್ಮಜ್ಜನ ಕೂಗು ಕಾಗೋಡಿಗೆ ಕೇಳ್ತಿತ್ತು."

ಅಜ್ಜ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಗೊತ್ತಿರುವ ಅಜ್ಜ ಅವಳ ಬಾಯಲ್ಲಿ ಇದ್ದವನು. ಮದುವೆಯಾಗಿ ಎರಡು ತಿಂಗಳಿಗೆ, 1951ರ ಏಪ್ರಿಲ್‌ನಲ್ಲಿ, ಉಳಬೇಡಿ ಎಂದು ತಡೆದ ಗದ್ದೆಗೆ ಕಾಗೋಡಿನ ಗೇಣಿದಾರರು ನೇಗಿಲು ಹೊತ್ತು ಇಳಿದರು. ಹಿಂದೆ ಇದ್ದವರು ರೈತ ಮುಂದಾಳು ಗಣಪತಿಯಪ್ಪ. ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಅಳೆಯುವ ಒಡೆಯರ ಕೊಳಗ ದೊಡ್ಡದು, ಉಳುವವನಿಗೆ ಮಿಕ್ಕುವ ಭತ್ತ ಕಡಿಮೆ. ಇಳಿದವರನ್ನೆಲ್ಲ ಹಿಡಿದು ಒಯ್ದರು, ಮಾರನೆಯ ದಿನ ಇನ್ನೊಂದು ತಂಡ ಇಳಿಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಪಕ್ಕದೂರಿನ ನಮ್ಮಜ್ಜನೂ ಒಂದು ತಂಡದ ಜೊತೆ ಜೈಲಿಗೆ ಹೋದ. ಹದಿನೇಳರ ಹೊಸ ಸೊಸೆ ಆ ಮಳೆಗಾಲದ ನೆಟ್ಟಿಗೆ ಕೂಲಿ ಹೋಗಿ ಮನೆ ನಡೆಸಿದಳು. 1974ರ ಕಾನೂನು ಬಂದು, ಫಾರಂ ನಂಬರ್ 7 ತುಂಬಿ, ನ್ಯಾಯಮಂಡಳಿಯ ಮುಂದೆ ನಿಂತು, 2 ಎಕರೆ 10 ಗುಂಟೆ ತಮ್ಮದೆಂದು ಕಾಗದ ಕೈಗೆ ಬರುವ ಹೊತ್ತಿಗೆ ಅವಳು ಮೂರು ಮಕ್ಕಳ ತಾಯಿ, ನಲವತ್ತು ದಾಟಿದವಳು. ಅಂದಿನಿಂದ ನಮ್ಮ ಮನೆಯ ಕೊಳಗ ದೇವರ ಕೋಣೆಯಲ್ಲೇ ಇದೆ. ಅದನ್ನು ಮುಟ್ಟಿ ಭತ್ತ ಅಳೆಯುವ ಕೆಲಸ ಅವಳೊಬ್ಬಳದೇ.

ಬೆಳಕು ಹರಿಯುತ್ತಿದೆ. ದೊಡ್ಡ ಬುಟ್ಟಿ ಅಪ್ಪನ ತಲೆಯ ಮೇಲೆ. ಮುಂದೆ ಅಜ್ಜಿ, ಕೈಯಲ್ಲಿ ಕೋಲು. ಗದ್ದೆಯ ಹಾಳಿ ಒಂದಡಿ ಅಗಲವಿದ್ದರೆ ಹೆಚ್ಚು. ಇಬ್ಬನಿಗೆ ಹುಲ್ಲು ಜಾರುತ್ತದೆ. ಎರಡು ಸಲ ನಾನೇ ಜಾರಿದೆ. ಅವಳು ಪಾದದ ತುದಿಯಿಂದ ಮುಂದಿನ ನೆಲ ತಡವಿಕೊಂಡು, ತಡವಿದ ಮೇಲೆ ಪೂರ್ತಿ ಭಾರ ಬಿಟ್ಟು ನಡೆಯುತ್ತಾಳೆ. ಎಪ್ಪತ್ತೆರಡು ವರ್ಷ ನಡೆದ ದಾರಿ.

ಪೂಜೆಗೆ ಮುಂಚೆ ಅವಳು ಗದ್ದೆಗೆ ಇಳಿದಳು. ಒಂದು ಭತ್ತದ ಬುಡ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಕಾಂಡವನ್ನು ಮೆಲ್ಲಗೆ ಒತ್ತುತ್ತ ಮೇಲೆ ಬಂದಳು. ನಡುವೆ ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಉಂಟು" ಅಂದಳು. ನನ್ನ ಕೈ ಎಳೆದು ಅಲ್ಲೇ ಇಟ್ಟಳು. ಗರಿಯ ಒಳಗೆ ಏನೋ ಮೆತ್ತನೆಯದು, ಬೆಚ್ಚಗಿನ ತೊಟ್ಟಿಲಲ್ಲಿ ಮಲಗಿದ ಹಾಗೆ. ಪಕ್ಕದ್ದನ್ನು ಮುಟ್ಟಿದಳು, ಬೆರಳು ನಿಲ್ಲದೆ ಮೇಲಕ್ಕೆ ಹೋಗಿಬಿಟ್ಟಿತು. ಟೊಳ್ಳು. ಇನ್ನೊಂದು, ಅದೂ ಟೊಳ್ಳು. ನಾಲ್ಕನೆಯದರಲ್ಲಿ ಇತ್ತು. ಹೀಗೆ ಇಪ್ಪತ್ತು ಬುಡ ಮುಟ್ಟಿರಬೇಕು. ಅರ್ಧಕ್ಕರ್ಧ ಖಾಲಿ. ಅಪ್ಪ ಹಾಳಿಯ ಮೇಲೆ ತಲೆತಗ್ಗಿಸಿ ನಿಂತಿದ್ದ. ಅವಳು ಎದ್ದು, ಕೈ ಕೊಡವಿಕೊಂಡು, ಹೊಡೆ ಇದ್ದ ಆ ಮೊದಲನೆಯ ಬುಡಕ್ಕೇ ಅರಿಸಿನದ ದಾರ, ಹಸಿರು ಬಳೆ, ಹೂವು ಏರಿಸಿದಳು.

"ಇದ್ದಷ್ಟಕ್ಕಾದ್ರೂ ಉಣ್ಸುವ. ಹೊಟ್ಟೆ ಸಣ್ಣದುಂಟು ಅಂತ ಬಸುರಿಯನ್ನ ಉಪವಾಸ ಹಾಕ್ತಾರಾ?"

ಎಲೆ ಹಾಸಿ ಬಡಿಸಿದರು. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಅಮಟೆಕಾಯಿ ಪಲ್ಯ, ಹಾಗಲಕಾಯಿ, ಹೋಳಿಗೆ, ಮೊಸರು ಬುತ್ತಿ. ಮೊದಲ ಎಡೆ ಗದ್ದೆಗೆ, ಎರಡನೆಯದು ಕಾಗೆಗೆ, ಇನ್ನೊಂದು ಇಲಿಗೂ ಹಕ್ಕಿಗೂ. ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂತರು, ಕೊಯ್ಲಿನ ದಿನ ತೆಗೆಯಲು. ಆಮೇಲೆ ನಾವೆಲ್ಲ ಹಾಳಿಯ ಮೇಲೆ ಸಾಲಾಗಿ ಕೂತು ಉಂಡೆವು. ಅಜ್ಜಿ ಕೂತದ್ದು ಗದ್ದೆಗೆ ಮುಖಮಾಡಿ. ಮಗಳಿಗೆ ಬಡಿಸಿ ಎದುರು ಕೂತ ತಾಯಿ ಉಣ್ಣುವ ಹಾಗೆ, ತುತ್ತು ಕಡಿಮೆ, ನೋಟ ಹೆಚ್ಚು.

ಹಬ್ಬ ಅಲ್ಲಿಗೆ ಮುಗಿಯಬೇಕಿತ್ತು. ಆ ವರ್ಷ ಮುಗಿಯಲಿಲ್ಲ.

ಅದೇ ಶನಿವಾರ ರಾತ್ರಿ ಚಂದ್ರಗ್ರಹಣ. ಒಂದು ಗಂಟೆ ದಾಟುತ್ತಿದ್ದಂತೆ ಹಿಡಿಯುವುದು, ಎರಡೂವರೆಯೊಳಗೆ ಬಿಡುವುದು. ಸಂಜೆಯ ಹೊತ್ತಿಗೆ ಊಟ ಮುಗಿಸಿ, ಉಳಿದದ್ದಕ್ಕೆ ಗರಿಕೆ ಹಾಕಿಟ್ಟು ಎಲ್ಲರೂ ಮಲಗಿದ್ದೆವು. ಹಿಂದಿನ ರಾತ್ರಿಯ ನಿದ್ದೆ ಬಾಕಿ ಇತ್ತಲ್ಲ, ಮಲಗಿದ್ದೊಂದೇ ಗೊತ್ತು. ಬಾಗಿಲು ಕಿರುಗುಟ್ಟಿದ ಸದ್ದಿಗೆ ನನಗೆ ಎಚ್ಚರವಾಯಿತು. ಅಜ್ಜಿಯ ಹಾಸಿಗೆ ಖಾಲಿ.

ಹೊರಗೆ ಬಂದೆ. ಅಂಗಳದ ತುದಿಯಲ್ಲಿ, ಗದ್ದೆ ಕಾಣುವ ಕಡೆ, ಕಂಬಳಿ ಹೊದ್ದು ಕೂತಿದ್ದಾಳೆ. ನೆತ್ತಿಯ ಮೇಲೆ ಚಂದ್ರ. ಕೆಳಗೆ ಭತ್ತದ ಗದ್ದೆ ಬೂದಿ ಬಣ್ಣಕ್ಕೆ ತಿರುಗಿ ಉಸಿರಾಡದೆ ನಿಂತಿದೆ. ಜೀರುಂಡೆ ಬಿಟ್ಟರೆ ಸದ್ದಿಲ್ಲ.

"ಅಜ್ಜಿ, ಚಳಿ. ಒಳಗೆ ಬಾ."

"ಬಸುರಿಯರು ಗ್ರಹಣಕ್ಕೆ ಹೊರಗೆ ಇರಬಾರದು ಮಗಾ. ಇವಳನ್ನ ಒಳಗೆ ಕರ್ಕೊಂಡು ಬರೋಕಾಗ್ತದಾ? ಹಂಗಾಗಿ ನಾನೇ ಬಂದೆ."

ನಾನು ಅವಳ ಕಂಬಳಿಯೊಳಗೆ ಸೇರಿಕೊಂಡೆ. ಹೊಗೆ, ಅರಿಸಿನ, ತೆಂಗಿನೆಣ್ಣೆ, ಹಳೆಯ ಹತ್ತಿಯ ವಾಸನೆ. ಚಂದ್ರನ ಅಂಚಿನಲ್ಲಿ ಯಾರೋ ಕಡುಬು ಕಚ್ಚಿದಷ್ಟು ಕಪ್ಪು ಮೂಡಿತು. "ಹಿಡೀತಾ?" ಎಂದು ಕೇಳಿದಳು. ಅವಳಿಗೆ ಕಾಣುತ್ತಿರಲಿಲ್ಲ. ಹೌದು ಅಂದೆ. ಅವಳು ಮಾತಾಡಲಿಲ್ಲ. ಕೈ ಮಾತ್ರ ಮಡಿಲಿನಲ್ಲಿ ಆಡುತ್ತಿತ್ತು, ಕಾಣದ ಬುಟ್ಟಿಯನ್ನು ತಿರುಗಿಸುವ ಹಾಗೆ. ನಡುನಡುವೆ "ಈಗ?" ಎನ್ನುವಳು. ಇನ್ನೂ ಇದೆ ಎನ್ನುತ್ತಿದ್ದೆ. ಹೀಗೆ ಒಂದು ಗಂಟೆಗೂ ಮೀರಿ ಕೂತೆವು. ಬಿಟ್ಟಿತು ಎಂದು ಹೇಳಿದ ಮೇಲೆ ಅವಳು ನನ್ನ ಭುಜ ಹಿಡಿದು ಎದ್ದಳು, ಗದ್ದೆಯ ಕಡೆ ಒಮ್ಮೆ ಕೈ ಬೀಸಿದಳು, ಬಚ್ಚಲಿಗೆ ಹೋಗಿ ತಣ್ಣೀರು ಮಿಂದಳು. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಯಲ್ಲಿ ಅವಳ ದನಿ ಕೇಳಿಸಿತು.

ನನ್ನ ಕೆಲಸ ಬೆಂಗಳೂರಿನಲ್ಲಿ. ಮಾರನೆಯ ದಿನ ಹೊರಟುಬಂದೆ. ಡಿಸೆಂಬರ್‌ನ ಕೊಯ್ಲಿಗೆ ಹೋಗಲಾಗಲಿಲ್ಲ, ಆ ಬೇಸರ ನನ್ನಲ್ಲಿ ಇನ್ನೂ ಹೋಗಿಲ್ಲ. ಒಳ್ಳೆಯ ವರ್ಷ ಮೂವತ್ತು ಚೀಲ ಆಗುವ ಕಡೆ ಹದಿನೇಳು ಚೀಲ ಆಯಿತು. ಹೂತ ಕಡುಬನ್ನು ಅಜ್ಜಿಯೇ ತೆಗೆದು ಎಲ್ಲರ ಕೈಗೂ ಚೂರು ಚೂರು ಹಂಚಿದಳಂತೆ. ಊಟದ ಭತ್ತಕ್ಕೂ ಮುಂಚೆ ಬೀಜದ ಭತ್ತ ಅಳೆಯಬೇಕು ಎಂದು ಹಟ ಹಿಡಿದು, ಗಟ್ಟಿ ಕಾಳು ಆರಿಸಿ, ದೇವರ ಕೋಣೆಯ ಕೊಳಗ ತರಿಸಿ, ಗೋಪುರ ಬರುವಷ್ಟು ತುಂಬಿ ಅಳೆದು, ಹುಲ್ಲಿನ ಮೂಡೆ ಕಟ್ಟಿಸಿ ಅಟ್ಟಕ್ಕೆ ಏರಿಸಿದಳು.

2024ರ ಮಾರ್ಚ್‌ನ ಒಂದು ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗಲಿಯ ಕಂಬಕ್ಕೆ ಒರಗಿ ಕೂತವಳು ಅಲ್ಲಿಂದ ಏಳಲಿಲ್ಲ. ಅವ್ವ ಚಹಾ ತಂದು ಕರೆದಾಗ ಮೈ ಇನ್ನೂ ಬೆಚ್ಚಗಿತ್ತು.

ಆ ವರ್ಷ ಮುಂಗಾರು ಹೊತ್ತಿಗೆ ಸರಿಯಾಗಿ ಬಂತು. ಜುಲೈ ಮುಗಿಯುವಷ್ಟರಲ್ಲಿ ಲಿಂಗನಮಕ್ಕಿ ತುಂಬುತ್ತ ಬಂದು, ಆಗಸ್ಟ್ 1ರಂದು ಗೇಟು ತೆರೆದರು. ಮಡೆನೂರಿನ ಕಟ್ಟೆ, ಕಪ್ಪು ಬೊಡ್ಡೆಗಳು, ಅವಳು ಮಣ್ಣು ತೆಗೆದ ದಿಬ್ಬ ಮತ್ತೆ ನೀರಿನಡಿ ಹೋದವು. ಅದಕ್ಕೂ ಮುಂಚೆ ಜೂನ್‌ನಲ್ಲಿ ಅಪ್ಪ ಅಟ್ಟದಿಂದ ಮೂಡೆ ಇಳಿಸಿ ಬಿಚ್ಚಿದಾಗ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಕೊಳಗ ಹಿಡಿದು ಅಳೆದವಳು ಅವ್ವ. ಮೂರು ಕೊಳಗ ಇತ್ತು, ಅಜ್ಜಿ ಕಟ್ಟಿಟ್ಟಷ್ಟೇ. ಒಂದು ಕಾಳಿಗೂ ಹುಳ ಹಿಡಿದಿರಲಿಲ್ಲ. ಅದನ್ನೇ ಬಿತ್ತಿದೆವು.